ಬೇಸ್‌ಬಾಲ್ ಗೆಲ್ಲೋದು ಅದೃಷ್ಟದಿಂದಾನಾ, ಕೋಚಿಂಗ್‌ನಿಂದಾನಾ?

ಅಮೆರಿಕಕ್ಕೆ ಬಂದು ಮಗನನ್ನೋ ಮಗಳನ್ನೋ ಬೇಸ್‌ಬಾಲ್ ಟೀಮಿಗೆ ಸೇರಿಸಿದ ಕನ್ನಡದ ಗೆಳೆಯರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಅನುಮಾನ ಬರುವುದು ಸಹಜ. ಜೋರಾಗಿ ಬಾರಿಸಿದ ಚೆಂಡು ನೇರ ಫೀಲ್ಡರ್ ಕೈಗೆ ಹೋಗುತ್ತದೆ. ಬ್ಯಾಟಿನ ಅಂಚಿಗೆ ತಾಗಿದ್ದು ಯಾರೂ ಇಲ್ಲದ ಕಡೆ ಬಿದ್ದು ರನ್ ತರುತ್ತದೆ. ಹಾಗಾದರೆ ಕೋಚ್ ಯಾಕೆ, ವಾರವಿಡೀ ಪ್ರಾಕ್ಟೀಸ್ ಯಾಕೆ, ಅಲ್ವಾ?

ನನ್ನ ಉತ್ತರ ಹೀಗಿದೆ. ಒಂದೇ ಮ್ಯಾಚ್ ಆದರೆ ಅದೃಷ್ಟದ ಪಾಲು ಬಹಳ ದೊಡ್ಡದು. ಇಡೀ ಸೀಸನ್ ಆದರೆ ತಯಾರಿಯದೇ ಮೇಲುಗೈ. ಆದರೆ ಬರೀ ಸ್ಕೋರ್ ನೋಡಿ ಯಾವುದು ಎಷ್ಟು ಅಂತ ಹೇಳಲು ಬರುವುದಿಲ್ಲ. ಅದಕ್ಕೆ ಒಂದೊಂದು ಚೆಂಡನ್ನೂ ನೋಡಬೇಕು.

ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಒಂದು ತಂಡ ವರ್ಷಕ್ಕೆ 162 ಮ್ಯಾಚ್ ಆಡುತ್ತದೆ. 100 ಗೆದ್ದರೆ ಅದು ಬಲವಾದ ತಂಡ. ಅಂಥ ತಂಡವೂ 62 ಸಲ ಸೋತಿರುತ್ತದೆ. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 116 ಗೆದ್ದು ದಾಖಲೆ ಸರಿಗಟ್ಟಿತು. ಸೀಸನ್ ಮುಗಿದ ಮೇಲಿನ ನಾಕೌಟ್ ಸುತ್ತಾದ ಪ್ಲೇಆಫ್‌ನಲ್ಲಿ ಯಾಂಕೀಸ್ ಎದುರು 4-1 ಮ್ಯಾಚ್‌ಗಳಿಂದ ಸೋತು ಮನೆಗೆ ಹೋಯಿತು. 2022ರಲ್ಲಿ 111 ಗೆದ್ದ ಡಾಡ್ಜರ್ಸ್ ತಂಡವನ್ನು 89 ಗೆದ್ದ ಪ್ಯಾಡ್ರೆಸ್ ನಾಲ್ಕೇ ಮ್ಯಾಚ್‌ನಲ್ಲಿ ಮುಗಿಸಿತು. ಆರು ತಿಂಗಳ ತಯಾರಿ ಸುಳ್ಳಾಗಿತ್ತಾ? ಇಲ್ಲ. ನಾಲ್ಕು ಮ್ಯಾಚ್‌ನಲ್ಲಿ ಏನು ಬೇಕಾದರೂ ಆಗಬಹುದು, ಅಷ್ಟೇ.

ಎರಡೂ ಒಟ್ಟಿಗೇ ಕಾಣಬೇಕು ಅಂದರೆ ನಾನು 1924ರ ವರ್ಲ್ಡ್ ಸೀರೀಸ್‌ನ (ಮೇಜರ್ ಲೀಗ್‌ನ ಫೈನಲ್) ಏಳನೇ ಮ್ಯಾಚ್ ಕಥೆ ಹೇಳುತ್ತೇನೆ. ಅಕ್ಟೋಬರ್ 10, ವಾಷಿಂಗ್ಟನ್ ಸೆನೇಟರ್ಸ್ ಮತ್ತು ನ್ಯೂಯಾರ್ಕ್ ಜೈಂಟ್ಸ್. ಮುಖ್ಯ ಕೋಚ್‌ಗೆ ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅನ್ನುತ್ತಾರೆ. ವಾಷಿಂಗ್ಟನ್‌ನ ಮ್ಯಾನೇಜರ್ ಬಕಿ ಹ್ಯಾರಿಸ್‌ಗೆ ಆಗ ಬರೀ 27 ವರ್ಷ, ಆಟಗಾರನೂ ಅವನೇ. ಎದುರಿಗೆ ಅನುಭವಿ ಜಾನ್ ಮೆಕ್‌ಗ್ರಾ.

ಜೈಂಟ್ಸ್‌ನ ಎಡಗೈ ಬ್ಯಾಟರ್ ಬಿಲ್ ಟೆರ್ರಿ ಆ ಸೀರೀಸ್‌ನಲ್ಲಿ ಚೆನ್ನಾಗಿ ಹೊಡೆಯುತ್ತಿದ್ದ. ಎಡಗೈ ಬ್ಯಾಟರ್‌ಗೆ ಬಲಗೈ ಪಿಚರ್ (ಚೆಂಡು ಎಸೆಯುವವನು) ಸುಲಭ, ಅದಕ್ಕೇ ಬಲಗೈ ಪಿಚರ್ ಇದ್ದರೆ ಮಾತ್ರ ಮೆಕ್‌ಗ್ರಾ ಅವನನ್ನು ಆಡಿಸುತ್ತಿದ್ದ. ಹ್ಯಾರಿಸ್ ಬಲಗೈ ಪಿಚರ್ ಕರ್ಲಿ ಆಗ್ಡನ್‌ನನ್ನು ಕಣಕ್ಕಿಳಿಸಿದ. ಟೆರ್ರಿ ತಂಡಕ್ಕೆ ಬಂದ. ಆಗ್ಡನ್ ಇಬ್ಬರೇ ಬ್ಯಾಟರ್‌ಗಳಿಗೆ ಚೆಂಡು ಹಾಕಿ ಹೊರಟ, ಅವನ ಜಾಗಕ್ಕೆ ಎಡಗೈನ ಜಾರ್ಜ್ ಮಾಗ್ರಿಜ್ ಬಂದ. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನ್ನಿಂಗ್ಸ್, ಸ್ಕೋರ್ ಸಮವಾದರೆ ಇನ್ನೂ ಮುಂದಕ್ಕೆ. ಆರನೇ ಇನ್ನಿಂಗ್ಸ್‌ನಲ್ಲಿ ಮೆಕ್‌ಗ್ರಾ ಬೇರೆ ದಾರಿಯಿಲ್ಲದೆ ಟೆರ್ರಿಯನ್ನು ತೆಗೆದ. ಒಮ್ಮೆ ಹೊರಗೆ ಹೋದವನು ಮತ್ತೆ ಆಡುವ ಹಾಗಿಲ್ಲ. ಎಂಥ ಲೆಕ್ಕಾಚಾರ! ಆದರೆ ಅದೇ ಇನ್ನಿಂಗ್ಸ್‌ನಲ್ಲಿ ವಾಷಿಂಗ್ಟನ್ ಫೀಲ್ಡರ್‌ಗಳು ಚೆಂಡು ಕೈಬಿಟ್ಟರು. ಜೈಂಟ್ಸ್ ಮೂರು ರನ್ ಹೊಡೆದು 3-1 ಮುಂದೆ ಹೋಯಿತು. ತಂತ್ರ ಫಲಿಸಿದ ಗಳಿಗೆಯಲ್ಲೇ ಮ್ಯಾಚ್ ಕೈತಪ್ಪುವ ಹಾಗಾಯಿತು.

ಎಂಟನೇ ಇನ್ನಿಂಗ್ಸ್‌ನಲ್ಲಿ ಹ್ಯಾರಿಸ್ ಹೊಡೆದ ಚೆಂಡು ನೆಲದ ಮೇಲೆ ಮೂರನೇ ಬೇಸ್ ಕಡೆ ಹೋಯಿತು (ಓಟಗಾರ ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್). ಅಲ್ಲಿದ್ದ ಫ್ರೆಡ್ಡಿ ಲಿಂಡ್‌ಸ್ಟ್ರಾಮ್ 18 ವರ್ಷದ ಹುಡುಗ. ಚೆಂಡು ಅವನ ಮುಂದೆ ದಿಢೀರನೆ ಎಗರಿ ತಲೆ ಮೇಲೆ ಹಾರಿಹೋಯಿತು. ಎರಡು ರನ್, 3-3. ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಅರ್ಲ್ ಮೆಕ್‌ನೀಲಿ ಹೊಡೆದ ಚೆಂಡೂ ಅದೇ ಹುಡುಗನ ತಲೆ ಮೇಲೆ ಹಾಗೇ ಹಾರಿತು. ಕಲ್ಲಿಗೆ ತಾಗಿತು ಅನ್ನುತ್ತಾರೆ. ಎರಡನೇ ಬೇಸ್‌ನಿಂದ ಮಡ್ಡಿ ರೂಯೆಲ್ ಓಡಿ ಬಂದ. ವಾಷಿಂಗ್ಟನ್ 4-3ರಿಂದ ಗೆದ್ದಿತು.

ಕಲ್ಲು ಜೈಂಟ್ಸ್‌ನ ಸೋಲಿಸಿತು ಅಂತ ಜನ ಇವತ್ತಿಗೂ ಹೇಳುತ್ತಾರೆ. ಆದರೆ ಆ ರೂಯೆಲ್ ಎರಡನೇ ಬೇಸ್‌ಗೆ ಬಂದಿದ್ದು ಹೇಗೆ? ಅದೇ ಇನ್ನಿಂಗ್ಸ್‌ನಲ್ಲಿ ಅವನು ಹೊಡೆದ ಚೆಂಡೊಂದು ಮೇಲಕ್ಕೆ ಹೋಗಿ ಜೈಂಟ್ಸ್‌ನ ಕ್ಯಾಚರ್ (ವಿಕೆಟ್‌ಕೀಪರ್ ಇದ್ದ ಹಾಗೆ) ಹ್ಯಾಂಕ್ ಗೌಡಿ ಹತ್ತಿರವೇ ಬೀಳುವುದರಲ್ಲಿತ್ತು. ಸುಲಭದ ಕ್ಯಾಚ್. ಗೌಡಿ ಮಾಸ್ಕ್ ತೆಗೆದು ಅಲ್ಲೇ ಕಾಲ ಹತ್ತಿರ ಬೀಳಿಸಿದ್ದ. ಅದರ ಮೇಲೇ ಕಾಲಿಟ್ಟು ಎಡವಿದ, ಕ್ಯಾಚ್ ಬಿಟ್ಟ. ಜೀವದಾನ ಸಿಕ್ಕ ರೂಯೆಲ್ ಡಬಲ್, ಅಂದರೆ ಎರಡನೇ ಬೇಸ್ ತನಕ ಓಡುವಂಥ ಹೊಡೆತ, ಹೊಡೆದ. ಕಲ್ಲು ಯಾರ ಕೈಯಲ್ಲೂ ಇರಲಿಲ್ಲ. ಮಾಸ್ಕ್ ಗೌಡಿಯ ಕೈಯಲ್ಲೇ ಇತ್ತು. ಇವತ್ತು ಒಳ್ಳೆ ಕೋಚ್‌ಗಳು ಸಣ್ಣ ಮಕ್ಕಳಿಗೂ ಇದನ್ನು ಹೇಳಿಕೊಡುತ್ತಾರೆ: ಮೊದಲು ಚೆಂಡು ಎಲ್ಲಿದೆ ನೋಡು, ಅಲ್ಲೀವರೆಗೆ ಮಾಸ್ಕ್ ಕೈಯಲ್ಲೇ ಇರಲಿ, ಆಮೇಲೆ ಬೇರೆ ದಿಕ್ಕಿಗೆ ದೂರ ಎಸಿ.

ಕೋಚ್‌ಗೆ ಸಲ್ಲಬೇಕಾದ್ದಕ್ಕಿಂತ ಜಾಸ್ತಿ ಹೊಗಳಿಕೆ ಸಿಗುವುದೂ ಉಂಟು. 2012ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಒಂದೇ ರನ್ ಅಂತರದ ಮ್ಯಾಚ್‌ಗಳಲ್ಲಿ 29 ಗೆದ್ದು 9 ಸೋತಿತು. ಮರುವರ್ಷ ಅಂಥವೇ ಮ್ಯಾಚ್‌ಗಳಲ್ಲಿ 20 ಗೆದ್ದು 31 ಸೋತಿತು. ಎರಡೂ ವರ್ಷ ಮ್ಯಾನೇಜರ್ ಬಕ್ ಶೋವಾಲ್ಟರ್ ಒಬ್ಬರೇ. ಅವರ ಬುದ್ಧಿ ಒಂದೇ ಚಳಿಗಾಲದಲ್ಲಿ ಕರಗಿಹೋಯಿತು ಅಂತ ನಾನು ನಂಬುವುದಿಲ್ಲ.

ಇನ್ನೊಂದು ಕಡೆ 2004ರ ಬಾಸ್ಟನ್. ಪ್ಲೇಆಫ್ ಸೀರೀಸ್‌ನಲ್ಲಿ ಯಾಂಕೀಸ್ ಎದುರು 0-3 ಹಿಂದೆ, ನಾಲ್ಕನೇ ಮ್ಯಾಚ್, ಒಂಬತ್ತನೇ ಇನ್ನಿಂಗ್ಸ್, ಸಮ ಮಾಡಲು ಒಂದು ರನ್ ಬೇಕು. ಪಿಚರ್ ಮರಿಯಾನೋ ರಿವೇರಾ. ಓಡುವುದಕ್ಕೇ ಅಂತ ಡೇವ್ ರಾಬರ್ಟ್ಸ್‌ನನ್ನು ಕಳಿಸಿದರು. ಬೇಸ್ ಕದಿಯಲು, ಅಂದರೆ ಬ್ಯಾಟರ್ ಹೊಡೆಯುವ ಮೊದಲೇ ಮುಂದಿನ ಬೇಸ್‌ಗೆ ಓಡಲು, ಬಂದಿದ್ದಾನೆ ಅಂತ ಮೈದಾನಕ್ಕೆಲ್ಲ ಗೊತ್ತು. ರಿವೇರಾ ಮೂರು ಸಲ ಫಸ್ಟ್ ಬೇಸ್‌ಗೆ ಎಸೆದು ಹೆದರಿಸಿದರು. ಅವರ ವಿಡಿಯೊ ಮೊದಲೇ ನೋಡಿಟ್ಟುಕೊಂಡಿದ್ದ ರಾಬರ್ಟ್ಸ್ ಬ್ಯಾಟರ್‌ಗೆ ಹಾಕಿದ ಮೊದಲ ಚೆಂಡಿಗೇ ಓಡಿ ಕೂದಲೆಳೆಯಲ್ಲಿ ಬಚಾವಾದ. ಬಾಸ್ಟನ್ ಆ ಮ್ಯಾಚ್ ಗೆದ್ದಿತು, ಕೊನೆಗೆ ಸೀರೀಸ್ ಕೂಡ ಗೆದ್ದಿತು. ಅದಕ್ಕೂ ಮೊದಲು, ಮರುದಿನದ ಐದನೇ ಮ್ಯಾಚ್‌ನ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಯಾಂಕೀಸ್‌ನ ಟೋನಿ ಕ್ಲಾರ್ಕ್ ಹೊಡೆದ ಚೆಂಡು ಪುಟಿದು ಪ್ರೇಕ್ಷಕರ ಮಧ್ಯೆ ಬಿತ್ತು. ನಿಯಮದ ಪ್ರಕಾರ ಓಟಗಾರ ಮೂರನೇ ಬೇಸ್‌ನಲ್ಲೇ ನಿಲ್ಲಬೇಕಾಯಿತು. ಇಲ್ಲದಿದ್ದರೆ ಯಾಂಕೀಸ್ ಮುಂದೆ ಹೋಗುವ ಸಾಧ್ಯತೆಯೇ ಹೆಚ್ಚಿತ್ತು. ರಾಬರ್ಟ್ಸ್ ಓಟ ತಯಾರಿ. ಆ ಪುಟಿತ ಶುದ್ಧ ಅದೃಷ್ಟ.

ಹಾಗಾಗಿ ಮಕ್ಕಳ ಮ್ಯಾಚ್‌ಗೆ ಹೋದಾಗ ಕೋಚ್ ಹೇಗಿದ್ದಾರೆ ಅಂತ ತಿಳಿಯಬೇಕಾದರೆ ಸ್ಕೋರ್ ಬಿಟ್ಟು ರೈಟ್ ಫೀಲ್ಡ್‌ನಲ್ಲಿ (ಮೈದಾನದ ಬಲಗಡೆ ದೂರದಲ್ಲಿ) ಇರುವ ಮಗುವನ್ನು ನೋಡಿ ಅನ್ನುತ್ತೇನೆ. ಚೆಂಡು ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಕಡೆ ಉರುಳಿದ ತಕ್ಷಣ ಆ ಮಗು ಫಸ್ಟ್ ಬೇಸ್ ಹಿಂದಕ್ಕೆ ಓಡುತ್ತಿದೆಯಾ? ಶಾರ್ಟ್‌ಸ್ಟಾಪ್ ಫಸ್ಟ್ ಬೇಸ್‌ಗೆ ಎಸೆಯುವ ಥ್ರೋ ತಪ್ಪಿದರೆ ತಡೆಯಲು ಆ ಓಟ. ಹೆಚ್ಚಿನ ಸಲ ಥ್ರೋ ತಪ್ಪುವುದಿಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೂ ಪ್ರತಿ ಸಲ ಓಡುತ್ತಿದ್ದರೆ ಅಲ್ಲಿ ಯಾರೋ ಕೂತು ಕಲಿಸಿದ್ದಾರೆ ಅಂತ ಅರ್ಥ. ಟೀಮ್ 9-2ರಿಂದ ಸೋತಿದ್ದರೂ ಮುಂದಿನ ವರ್ಷ ಅದೇ ಕೋಚ್ ಹತ್ತಿರ ಬಿಡಿ.