ಅಮ್ಮನ ನೀಲಿ ಚಪ್ಪಲಿ, ಗೋಡೆಯೊಳಗಿನ ಹಸಿರು ವೈರು

ನಮ್ಮ ವಾಷಿಂಗ್ ಮೆಷಿನ್ ಪಕ್ಕದಲ್ಲಿ ಯಾವಾಗಲೂ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಇರುತ್ತಿತ್ತು. ಬಟ್ಟೆ ಹಾಕುವ ಮೊದಲು ಅಮ್ಮ ಅದನ್ನು ಮೆಟ್ಟಿಕೊಳ್ಳುತ್ತಿದ್ದರು. ಮನೆಯೊಳಗೆ ಯಾರೂ ಚಪ್ಪಲಿ ಹಾಕದ ಮನೆ ನಮ್ಮದು. ಆದರೂ ಎರಡು ವರ್ಷ ನಾನು ಯಾಕೆ ಅಂತ ಕೇಳಲಿಲ್ಲ. ಕೇಳಿದ ದಿನ ಅಮ್ಮ ಹೇಳಿದರು, "ಮುಟ್ಟಿದ್ರೆ ಜುಮ್ ಅಂತದೆ. ಚಪ್ಪಲಿ ಇದ್ರೆ ಎಂತ ಆಗುದಿಲ್ಲ."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬ್ರಹ್ಮಾವರದಿಂದ ಬಾರ್ಕೂರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಜ್ಜ ಕಟ್ಟಿಸಿದ್ದು. ಕೆಂಪುಕಲ್ಲಿನ ಗೋಡೆ, ಕಾವಿ ನೆಲ, ಹಂಚಿನ ಮಾಡು. ಮಾಡಿನ ಮರದ ಪಕ್ಕಾಸು, ರೀಪುಗಳನ್ನು ಗೆದ್ದಲು ತಿಂದಿತ್ತು. ಹಾಗಾಗಿ ಕಳೆದ ದೀಪಾವಳಿ ಕಳೆದ ಮೇಲೆ ರಿಪೇರಿಗೆ ಇಳಿದೆವು. ಮಾಡು ಬಿಚ್ಚುವುದು, ಅಡುಗೆಮನೆ ಸ್ವಲ್ಪ ದೊಡ್ಡದು ಮಾಡುವುದು, ಹಂಡೆ ಇದ್ದ ಬಚ್ಚಲನ್ನು ಬಾತ್‌ರೂಮ್ ಮಾಡುವುದು. ನಮ್ಮ ಪಟ್ಟಿಯಲ್ಲಿ ಕರೆಂಟಿನ ಕೆಲಸ ತೀರಾ ಕೊನೆಗೆ ಇತ್ತು. ಅಲ್ಲಿ ಬರೆದದ್ದಾದರೂ ಎಂತ? ಫ್ಯಾನು, ಲೈಟು, ಸ್ವಿಚ್ಚಿನ ಬಣ್ಣ. ಚಪ್ಪಲಿಯ ವಿಷಯ ಗೊತ್ತಾದ ಮೇಲೆ ಅದನ್ನು ಪಟ್ಟಿಯ ಮೇಲಕ್ಕೆ ತಂದೆ.

ಮೊದಲು ಮೆಷಿನಿನ ಬೋರ್ಡು ಬಿಚ್ಚಿಸಿದೆವು. ಮೂರು ತೂತಿನ ಸಾಕೆಟ್ ಚೆನ್ನಾಗಿಯೇ ಕಾಣುತ್ತಿತ್ತು. ಒಳಗೆ ಹಸಿರು ವೈರನ್ನು ಕತ್ತರಿಸಿ, ಮಡಚಿ ಇಟ್ಟಿದ್ದರು. ಅದು ಎಲ್ಲಿಗೂ ಸೇರಿರಲಿಲ್ಲ. ಕೆಲವು ವರ್ಷದ ಹಿಂದೆ ಆ ಪಾಯಿಂಟು ಮಾಡಿಕೊಟ್ಟವರಿಗೆ ನಾವು ಪೂರ್ತಿ ಹಣ ಕೊಟ್ಟಿದ್ದೆವು. ಹಸಿರು ವೈರು ಅರ್ಥಿಂಗಿನದ್ದು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ. ಮೇಲಿನ ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತ ಅಲ್ಲ. ಹಳೆ ಮನೆಯಲ್ಲಿ ಇರುವವರು ದಯವಿಟ್ಟು ಒಂದು ಸಲ ಬಲ್ಲವರಿಂದ ಬಿಚ್ಚಿಸಿ ನೋಡಿ.

ಮೀಟರಿನ ಹತ್ತಿರದ ಕಟೌಟ್ ಫ್ಯೂಸಿನ ಕಥೆ ಇನ್ನೊಂದು. ತೆಳ್ಳಗಿನ ಫ್ಯೂಸ್ ವೈರು ಆಗಾಗ ಹೋಗುತ್ತದೆ ಅಂತ ಯಾರೋ ದಪ್ಪ ತಾಮ್ರದ ಎಳೆ ಸುತ್ತಿದ್ದರು. ಅದು ಸುಡುವ ಹೊತ್ತಿಗೆ ಗೋಡೆಯ ವೈರು ಸುಟ್ಟಿರುತ್ತದೆ.

ಪ್ಲಾನು ಹಾಕಿದ್ದು ನಾನು ಮತ್ತು ಅಮ್ಮ, ಒಂದು ಭಾನುವಾರ, ಕೈಯಲ್ಲಿ ಚಾಕ್ ಹಿಡಿದುಕೊಂಡು. ಬೆಳಗ್ಗೆ ಏಳುವಲ್ಲಿಂದ ರಾತ್ರಿ ಮಲಗುವವರೆಗೆ ಅಮ್ಮ ಎಲ್ಲೆಲ್ಲಿ ಹೋಗುತ್ತಾರೋ ಹಾಗೇ ನಡೆದೆವು. ಕೈ ಸಹಜವಾಗಿ ಹೋಗುವ ಕಡೆ ಗೋಡೆಗೆ ಗುರುತು. ರಾತ್ರಿ ಮಂಚದಿಂದ ಬಾತ್‌ರೂಮಿಗೆ ಹೋಗುವ ದಾರಿಗೆ ಎರಡೂ ತುದಿಯಲ್ಲಿ ಟೂ ವೇ ಸ್ವಿಚ್. ಸಾಕೆಟ್ ನೆಲದಿಂದ ಒಂದು ಅಡಿಗೆ ಇಡುವುದು ರೂಢಿ ಅಂತ ಎಲೆಕ್ಟ್ರಿಷಿಯನ್ ಹೇಳಿದರು. ನಾವು ಎರಡೂವರೆ ಅಡಿಗೆ ಹಾಕಿಸಿದೆವು. ಅಮ್ಮನ ಮೊಣಕಾಲು ನೋವು ಒಂದು ಕಾರಣ. ನಮ್ಮ ಕಡೆ ನೆಲಕ್ಕೆ ನೀರು ಹೊಯ್ದು ತೊಳೆಯುವುದು ಇನ್ನೊಂದು. ಗ್ರೈಂಡರ್, ಮಿಕ್ಸಿ, ಇಂಡಕ್ಷನ್ ಮೂರಕ್ಕೂ ಬೇರೆ ಬೇರೆ ಸಾಕೆಟ್ ಬೇಕು ಅಂತ ಹೇಳಿದ್ದು ಅಮ್ಮನೇ. ತುಳಸಿಕಟ್ಟೆ ಹತ್ತಿರ ಮುಚ್ಚಳ ಇರುವ ಒಂದು ಹೊರಗಿನ ಸಾಕೆಟ್ ಕೂಡ. ದೀಪಾವಳಿಗೆ ಕಿಟಕಿಯಿಂದ ವೈರು ಎಳೆಯುವುದು ಇನ್ನು ಬೇಡ ಅಲ್ವಾ.

ಆಮೇಲೆ ಲೆಕ್ಕ. 2000 ವ್ಯಾಟಿನ ಗೀಸರನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್. ಇಂಡಕ್ಷನ್ ಒಲೆಯೂ ಅಷ್ಟೇ ಎಳೆಯುತ್ತದೆ. ಬಾವಿಯ ಪಂಪು ಒಂದು ಎಚ್‌ಪಿಯದ್ದು, ಅದರ ಜೊತೆ ಇಸ್ತ್ರಿ ಪೆಟ್ಟಿಗೆ, ಫ್ರಿಜ್ಜು. ಎಲ್ಲವೂ ಒಟ್ಟಿಗೆ ಓಡುವುದಿಲ್ಲ, ನಿಜ. ಆದರೆ ಮಳೆಗಾಲದ ಬೆಳಗ್ಗೆ ಏಳು ಗಂಟೆಗೆ ಗೀಸರ್, ಒಲೆ, ಪಂಪು ಮೂರೂ ಓಡುವುದು ಖಂಡಿತ. ನಮ್ಮ ಮೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ 1 ಕಿಲೋವ್ಯಾಟ್ ಅಂತ ಇತ್ತು. ಅದನ್ನು ಹೆಚ್ಚು ಮಾಡಿಸಲು ಪರವಾನಗಿ ಇರುವ ಕಂಟ್ರಾಕ್ಟರರ ಮೂಲಕ ಮೊದಲೇ ಅರ್ಜಿ ಕೊಟ್ಟೆವು.

ವೈರಿನ ವಿಷಯದಲ್ಲಿ ಅಂಗಡಿಯವರು "ಒಂದೂವರೆ, ಎರಡೂವರೆ, ನಾಲ್ಕು" ಅನ್ನುತ್ತಾರೆ. ಅದು ಚದರ ಮಿಲಿಮೀಟರ್ ಲೆಕ್ಕ. ಲೈಟು, ಫ್ಯಾನಿಗೆ ಒಂದೂವರೆ. 16 ಆಂಪಿಯರ್ ಸಾಕೆಟ್‌ಗಳಿಗೆ ಎರಡೂವರೆ. ಗೀಸರಿಗೆ ಮತ್ತು ಮುಂದೆ ಹಾಕಬಹುದಾದ ಎಸಿಗೆ ನಾಲ್ಕು. ಎಲ್ಲ ತಾಮ್ರ. ಎಸಿ ಈಗ ಇಲ್ಲ, ಆದರೂ ಪೈಪು, ವೈರು ಎಳೆದು ಬಿಟ್ಟಿದ್ದೇವೆ. ಪೈಪು ಕೂರಿಸಲು ಕೆಂಪುಕಲ್ಲಿನ ಗೋಡೆ ಕೊರೆಯುವ ಧೂಳು ಒಂದು ಸಲಕ್ಕೆ ಸಾಕು.

ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಅರ್ಥಿಂಗ್ ಬಗ್ಗೆ. ಹಳೆಯ ಅರ್ಥ್ ಪೈಪು ಮನೆಯ ಎತ್ತರದ ಮೂಲೆಯಲ್ಲಿ, ಮಾಡಿನ ಕೆಳಗೆ ಇತ್ತು. ಮಳೆ ನೀರೂ ಅಲ್ಲಿಗೆ ಬೀಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬರುತ್ತದೆ. ಆದರೆ ಕೆಂಪುಕಲ್ಲಿನ ನೆಲ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಮಾರ್ಚ್ ಬಂತೆಂದರೆ ಒಣಗಿ ಗಟ್ಟಿಯಾಗುತ್ತದೆ. ಒಣ ನೆಲದಲ್ಲಿ ಕರೆಂಟು ಹರಿಯುವುದು ಕಷ್ಟ. ಅದಕ್ಕೇ ಮಳೆಗಾಲದಲ್ಲಿ ಅಲ್ಲ, ಏಪ್ರಿಲ್‌ನಲ್ಲಿ ಅಳೆಯಬೇಕು ಅಂತ ಪಟ್ಟು ಹಿಡಿದೆ. ಅರ್ಥ್ ಟೆಸ್ಟರ್ ತಂದು ಅಳೆದರೆ 86 ಓಮ್. ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು.

ಈ ಸಂಖ್ಯೆಯ ಅರ್ಥ ತಿಳಿದಾಗ ನನಗೆ ಗಾಬರಿಯಾಯಿತು. ಮೆಷಿನಿನ ತಗಡಿಗೆ ಫೇಸ್, ಅಂದರೆ ಕರೆಂಟು ಬರುವ ವೈರು, ತಾಗಿತು ಅಂತ ಇಟ್ಟುಕೊಳ್ಳಿ. 230ನ್ನು 86ರಿಂದ ಭಾಗಿಸಿದರೆ ಮೂರು ಆಂಪಿಯರೂ ಇಲ್ಲ. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್. 16 ಆಂಪಿಯರಿನ ಎಂಸಿಬಿ ಇದಕ್ಕೆ ಬೀಳುವುದೇ ಇಲ್ಲ. ತಗಡಿನಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಹಸಿರು ವೈರು ಸರಿ ಇದ್ದರೂ ಇದೇ ಕಥೆ.

ಹೊಸ ಜಾಗ ಹುಡುಕಿದೆವು. ಅಡುಗೆಮನೆಯ ನೀರು ಹೋಗುವ ಬಾಳೆಬುಡದ ಹತ್ತಿರ ಮಣ್ಣು ಬೇಸಿಗೆಯಲ್ಲೂ ತಂಪು. ಅಲ್ಲಿ ಮೂರು ಮೀಟರ್ ಅಂತರದಲ್ಲಿ ಎರಡು ಗುಂಡಿ ತೋಡಿ, ಸತು ಲೇಪಿಸಿದ ಎರಡು ಕಬ್ಬಿಣದ (ಜಿಐ) ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ಎರಡನ್ನೂ ಜೋಡಿಸಿದೆವು. ಈಗ 11 ಓಮ್. ತುಂಬಾ ಒಳ್ಳೆಯದಾಯಿತು. ಆದರೂ ಲೆಕ್ಕ ಹಾಕಿದರೆ 21 ಆಂಪಿಯರ್ ಅಷ್ಟೇ. 16ರ ಎಂಸಿಬಿ ಇಷ್ಟಕ್ಕೆ ತಕ್ಷಣ ಬೀಳುವುದಿಲ್ಲ. ಎಂಸಿಬಿ ಇರುವುದು ವೈರು ಸುಡದಂತೆ ಕಾಯಲು. ಮನುಷ್ಯರನ್ನು ಕಾಯಲು ಆರ್‌ಸಿಸಿಬಿ ಬೇಕು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ನೋಡುತ್ತಾ ಇರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬರುವುದರೊಳಗೆ, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. ಬೆಲೆ ಹೆಚ್ಚುಕಡಿಮೆ ಒಂದು ಸೀಲಿಂಗ್ ಫ್ಯಾನಿನಷ್ಟು. ನಮ್ಮ ಅಂದಾಜು ಪಟ್ಟಿಯಲ್ಲಿ ಬಾತ್‌ರೂಮಿನ ಟೈಲ್ಸಿಗೆ ಇಟ್ಟ ಹಣ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು.

ನಾವು ಎರಡು ಹಾಕಿಸಿದೆವು. ಒಂದು ಮನೆಯೊಳಗಿನ ಲೈನುಗಳಿಗೆ. ಇನ್ನೊಂದು ಹೊರಗಿನದಕ್ಕೆ, ಅಂದರೆ ಪಂಪು, ಗೇಟಿನ ಲೈಟು, ತುಳಸಿಕಟ್ಟೆಯ ಸಾಕೆಟ್. ಇದು ಎಲೆಕ್ಟ್ರಿಷಿಯನ್ ಕೊಟ್ಟ ಸಲಹೆ. ಆ ಸಲಹೆಯ ಬೆಲೆ ಗೊತ್ತಾದದ್ದು ಜೂನ್ ತಿಂಗಳ ಒಂದು ರಾತ್ರಿ. ಗೇಟಿನ ಲೈಟಿನೊಳಗೆ ನೀರು ಹೋಗಿ ಹೊರಗಿನ ಆರ್‌ಸಿಸಿಬಿ ಬಿತ್ತು. ಫ್ರಿಜ್ಜು, ಫ್ಯಾನು ಓಡುತ್ತಲೇ ಇದ್ದವು. ಒಂದೇ ಇದ್ದಿದ್ದರೆ ಆ ಮಳೆಯಲ್ಲಿ ಇಡೀ ಮನೆ ಕತ್ತಲೆ.

ಇನ್ವರ್ಟರ್ ಇರುವವರಿಗೆ ಒಂದು ಮಾತು. ಅದರ ಲೈನಿಗೆ ನ್ಯೂಟ್ರಲ್ ಕೂಡ ಬೇರೆಯೇ ಎಳೆಸಿ. ನಮ್ಮಲ್ಲಿ ಒಂದು ಕೋಣೆಯಲ್ಲಿ ಇನ್ವರ್ಟರ್ ಲೈನು, ಮೇನ್ ಲೈನು ಎರಡರ ನ್ಯೂಟ್ರಲ್ ಸೇರಿಹೋಗಿತ್ತು. ಸುಮ್ನೆ ಫ್ಯಾನು ಹಾಕಿದರೂ ಆರ್‌ಸಿಸಿಬಿ ಬೀಳುತ್ತಿತ್ತು. ಅದನ್ನು ಹುಡುಕಲು ಎರಡು ದಿನ ಹೋಯಿತು. "ಆರ್‌ಸಿಸಿಬಿ ಬೈಪಾಸ್ ಮಾಡಿಬಿಡಿ" ಅಂತ ಹೇಳಿದವರೂ ಇದ್ದರು. ನಾನು ಒಪ್ಪಲಿಲ್ಲ.

ಆರ್‌ಸಿಸಿಬಿಯಲ್ಲಿ ಟಿ ಅಂತ ಒಂದು ಟೆಸ್ಟ್ ಬಟನ್ ಇದೆ. ಪ್ರತಿ ಸಂಕ್ರಮಣದ ದಿನ ಅಮ್ಮ ಅದನ್ನು ಒತ್ತುತ್ತಾರೆ. ಟಪ್ ಅಂತ ಬಿದ್ದರೆ "ಸರಿ ಉಂಟು" ಅಂತ ಮತ್ತೆ ಎತ್ತುತ್ತಾರೆ.

ಸಾರಣೆ ಮಾಡುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದಿದ್ದೆ, ಪೈಪಿನ ಪಕ್ಕದಲ್ಲಿ ಟೇಪು ಹಿಡಿದು. ಪ್ರಿಂಟ್ ಹಾಕಿಸಿ ಮೀಟರ್ ಪೆಟ್ಟಿಗೆಯ ಬಾಗಿಲಿನ ಒಳಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೇವೆ. ಕಳೆದ ವಾರ ದೇವರ ಕೋಣೆಗೆ ಕಪಾಟು ಕೂರಿಸಲು ಆಚಾರಿ ಬಂದಿದ್ದರು. ಡ್ರಿಲ್ ಗೋಡೆಗೆ ಇಟ್ಟಾಗಿತ್ತು. ಅಮ್ಮ "ತಡೆಯಿರಿ" ಅಂತ ಹೇಳಿ ಫೋಟೋ ತಂದರು. ತೂತನ್ನು ನಾಲ್ಕು ಇಂಚು ಎಡಕ್ಕೆ ಕೊರೆದರು.