ಒತ್ತಕ್ಷರವನ್ನು ಸೀಳುತ್ತಿದ್ದ ಕರ್ಸರ್: ಕೂಡಿ ಬರೆಯುವ ಎಡಿಟರ್‌ನ ಏಳನೆಯ ಟಿಪ್ಪಣಿ

ಒಂದೇ ದಾಖಲೆಯನ್ನು ಹಲವರು ಏಕಕಾಲಕ್ಕೆ ಬರೆಯಬಹುದಾದ ನನ್ನ ಎಡಿಟರ್‌ನಲ್ಲಿ ಮೂರು ವಾರ ಕಾಡಿದ ದೋಷವೊಂದು ನಿನ್ನೆ ರಾತ್ರಿ ಬಗೆಹರಿಯಿತು. ಎಡಿಟರ್ ಕಟ್ಟುವ ಲೈಬ್ರರಿಯಾದ ಪ್ರೋಸ್‌ಮಿರರ್‌ನಲ್ಲಿ ಸ್ಕೀಮಾ (ದಾಖಲೆಯ ರಚನೆಯ ನಿಯಮ) ಬರೆಯುವುದು, ಎಲ್ಲರ ಬದಲಾವಣೆಗಳನ್ನು ಒಂದಾಗಿಸುವ ವೈಜೆಎಸ್ ಜೋಡಿಸುವುದು, ಸರ್ವರ್ ಸಿದ್ಧಪಡಿಸುವುದು ಇವೆಲ್ಲ ನೀವೂ ನಡೆದಿರುವ ಹಾದಿಯಾದ್ದರಿಂದ ಅವನ್ನು ಬಿಟ್ಟು ನೇರವಾಗಿ ದೋಷಕ್ಕೇ ಬರುತ್ತೇನೆ.

ಒಂದೇ ದಾಖಲೆಯನ್ನು ಎರಡು ಕಿಟಕಿಗಳಲ್ಲಿ ತೆರೆದು, ಎಡಗಡೆಯದರಲ್ಲಿ ‘ರಾಷ್ಟ್ರ’ ಎಂದು ಬರೆದು, ಬಾಣದ ಕೀಲಿ ಒತ್ತುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದೆ. ಎಡಗಡೆ ಏನೂ ಕೆಡಲಿಲ್ಲ. ಬಲಗಡೆ ಮಾತ್ರ, ನನ್ನ ಹೆಸರು ಹೊತ್ತ ಹಸಿರು ಕರ್ಸರ್ ಪದದ ನಡುವೆ ಬಂದೊಡನೆ ಷಕಾರದ ಕೆಳಗಿದ್ದ ಒತ್ತು ಕಳಚಿ, ‘ರಾಷ್’ ಒಂದು ಕಡೆ, ‘ಟ್ರ’ ಇನ್ನೊಂದು ಕಡೆ ನಿಂತವು. ಕರ್ಸರ್ ದಾಟಿದ ಮೇಲೆ ಪದ ಮತ್ತೆ ಕೂಡಿಕೊಂಡಿತು. ಇಬ್ಬರು ಒಟ್ಟಿಗೆ ಬರೆಯುವಾಗ ಸಾಲುಗಳು ಹೀಗೆ ಒಡೆಯುತ್ತ ಕೂಡುತ್ತ ಇದ್ದರೆ ಓದುವ ಕಣ್ಣಿಗೆ ನೆಮ್ಮದಿಯಿಲ್ಲ.

ಮೊದಲು ಫಾಂಟಿನ ಮೇಲೆ ಅನುಮಾನಪಟ್ಟು ಮೂರು ಫಾಂಟುಗಳನ್ನು ಬದಲಿಸಿದೆ. ಅವುಗಳಲ್ಲೊಂದು ಹೊಸ ಆವೃತ್ತಿಯಲ್ಲಿ ಫೈಲಿನ ಹೆಸರನ್ನೇ ಬದಲಿಸಿ, ಬದಲಾವಣೆಗಳ ಪಟ್ಟಿಯಲ್ಲಿ ಅದರ ಬಗ್ಗೆ ಒಂದು ಮಾತೂ ಬರೆಯದಿದ್ದುದರಿಂದ, ಇಡೀ ಸಂಜೆ ನಾನು ಪರೀಕ್ಷಿಸಿದ್ದು ಬೇರೆಯೇ ಫಾಂಟನ್ನು. ಬಿಟ್ಟಿಯಾಗಿ ಕೊಡುವವರ ಶ್ರಮಕ್ಕೆ ನಾನು ಋಣಿ. ಆದರೂ ಹೆಸರು ಬದಲಿಸಿದಾಗ ಒಂದು ಸಾಲು ಬರೆದಿಡುವುದು ಬಳಸುವವರ ಎಷ್ಟೋ ಗಂಟೆಗಳನ್ನು ಉಳಿಸುತ್ತದೆ.

ದೋಷ ಫಾಂಟಿನಲ್ಲಿರಲಿಲ್ಲ. ಬೇರೆಯವರ ಕರ್ಸರ್ ಎಂದರೆ ಪ್ರೋಸ್‌ಮಿರರ್‌ನ ವಿಜೆಟ್ ಡೆಕೊರೇಷನ್, ಅಂದರೆ ಪಠ್ಯದ ನಡುವೆ ತೂರಿಸಿದ ಸ್ಪ್ಯಾನ್ ಎಂಬ ಒಂದು ಎಚ್‌ಟಿಎಂಎಲ್ ತುಣುಕು. ಅದರೊಳಗೆ ವರ್ಡ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಸಂಕೇತಗಳೂ ಇರುತ್ತವೆ. ಹಲಂತ ಚಿಹ್ನೆಗೂ ಟಕಾರಕ್ಕೂ ನಡುವೆ ಆ ಸ್ಪ್ಯಾನ್ ಬಂದು ಕೂತರೆ, ಸಂಕೇತಗಳನ್ನು ಕೂಡಿಸಿ ಅಕ್ಷರದ ಆಕಾರ ಕೊಡುವ ಹಾರ್ಫ್‌ಬಝ್‌ಗೆ ಷಕಾರ, ಹಲಂತ, ಟಕಾರ ಮೂರೂ ಒಟ್ಟಿಗೆ ಸಿಗುವುದಿಲ್ಲ. ಒಟ್ಟಿಗೆ ಸಿಗದೆ ಅದು ಒತ್ತು ಕಟ್ಟಲಾರದು.

ಹಾಗಾದರೆ ಕರ್ಸರನ್ನು ಅಕ್ಷರದ ಗಡಿಗೆ ಸರಿಸಿದರಾಯಿತು ಎಂದುಕೊಂಡು, ಗಡಿ ಹುಡುಕುವ ಕೆಲಸವನ್ನು ಬ್ರೌಸರಿನಲ್ಲೇ ಇರುವ ಇಂಟ್ಲ್ ಸೆಗ್ಮೆಂಟರ್‌ಗೆ ಒಪ್ಪಿಸಿದೆ. ‘ರಾಷ್ಟ್ರ’ಕ್ಕೆ ಅದು ಕೊಟ್ಟ ಉತ್ತರ ರಾ, ಷ್, ಟ್, ರ ಎಂಬ ನಾಲ್ಕು ತುಂಡು. ನಾವು ಎಣಿಸುವುದು ರಾ, ಷ್ಟ್ರ ಎಂದು ಎರಡೇ. ಇದು ಬ್ರೌಸರಿನ ತಪ್ಪಲ್ಲ. ಸಂಯುಕ್ತಾಕ್ಷರವನ್ನು ಒಡೆಯಬಾರದೆಂಬ ನಿಯಮವನ್ನು ಯೂನಿಕೋಡ್ 2023ರ 15.1ನೆಯ ಆವೃತ್ತಿಯಲ್ಲಿ ಸೇರಿಸಿತು. ಆದರೆ ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಒಡಹುಟ್ಟಿದಂತಿರುವ ತೆಲುಗಿಗೆ ಸಿಕ್ಕ ರಕ್ಷಣೆ ಆ ಪಟ್ಟಿಯಲ್ಲಿ ಕನ್ನಡಕ್ಕೆ ಸಿಗಲಿಲ್ಲ. ಇದನ್ನು ಓದಿದ ರಾತ್ರಿ ನಿಜಕ್ಕೂ ಬೇಸರವಾಯಿತು.

ಗಡಿಯ ನಿಯಮವನ್ನು ನಾನೇ ಬರೆದೆ. ಎಲ್ಲಿ ಅಳವಡಿಸುವುದೆಂಬುದು ಮುಂದಿನ ಪ್ರಶ್ನೆಯಾಯಿತು. ವೈಜೆಎಸ್ಸನ್ನು ಪ್ರೋಸ್‌ಮಿರರ್‌ಗೆ ಬೆಸೆಯುವ ವೈ-ಪ್ರೋಸ್‌ಮಿರರ್‌ನಲ್ಲಿ, ಬೇರೆಯವರಿಗೆ ಕಳುಹಿಸುವ ಕರ್ಸರಿನ ಸ್ಥಾನವನ್ನು ನಾವೇ ನಿರ್ಧರಿಸಲು ಅವಕಾಶವಿರುವುದರಿಂದ ಮೊದಲು ಅಲ್ಲೇ ಸರಿಸಿ ಕಳುಹಿಸಿದೆ. ಎರಡು ದಿನ ಚೆನ್ನಾಗಿ ನಡೆಯಿತು. ಆಮೇಲೆ ಗೆಳೆಯರೊಬ್ಬರ ಕರ್ಸರ್ ‘ರಾಷ್ ಟ್ರ’ ಎಂದು ತಪ್ಪಾಗಿ ಬಿದ್ದ ಪದದಲ್ಲಿ ಟಕಾರದ ಹಿಂದೆ ನಿಂತಿದ್ದಾಗ ನಾನು ನಡುವಿನ ಖಾಲಿ ಜಾಗವನ್ನು ಅಳಿಸಿದೆ: ಗಡಿಯಲ್ಲಿದ್ದ ಅವರ ಕರ್ಸರ್ ಆ ಕ್ಷಣದಲ್ಲಿ ಒತ್ತಕ್ಷರದ ಹೊಟ್ಟೆಯೊಳಗೆ ಸೇರಿತು, ನಾನು ಅಳಿಸಿದ ಸುದ್ದಿ ಅವರಿಗೆ ತಲುಪಿ ಹೊಸ ಸ್ಥಾನ ಮರಳಿ ಬರುವವರೆಗೂ ಪದ ಒಡೆದೇ ಇತ್ತು. ಆದ್ದರಿಂದ ಕಳುಹಿಸುವ ಕಡೆಯಲ್ಲಲ್ಲ, ತೋರಿಸುವ ಕಡೆಯಲ್ಲೇ ಸರಿಸಬೇಕು. ಕರ್ಸರನ್ನು ಕಟ್ಟುವ ಫಂಕ್ಷನ್‌ಗೆ ಬಳಕೆದಾರರ ವಿವರ ಬರುತ್ತದೆಯೇ ಹೊರತು ಸ್ಥಾನ ಬರುವುದಿಲ್ಲ. ಹಾಗಾಗಿ ಡೆಕೊರೇಷನ್‌ಗಳಿಗೆ ನನ್ನದೇ ಪ್ಲಗಿನ್ ಬರೆಯಬೇಕಾಯಿತು. ಕೋಡ್‌ಮಿರರ್ 6 ಎಂಬ ಇನ್ನೊಂದು ಎಡಿಟರ್ ಲೈಬ್ರರಿಯಲ್ಲಿ ಮಾಡುವಂತೆ ಕರ್ಸರನ್ನು ಪಠ್ಯದ ಹೊರಗೆ ಪ್ರತ್ಯೇಕ ಪದರದಲ್ಲಿ ಬಿಡಿಸುವ ದಾರಿಯೂ ಇತ್ತು. ಸಾಲು ಮುರಿದಾಗಲೆಲ್ಲ ಅಳತೆ ಮಾಡುತ್ತಿರಬೇಕಾದ್ದರಿಂದ ಅದನ್ನು ಸದ್ಯಕ್ಕೆ ಬಿಟ್ಟೆ.

ಕೊನೆಯ ಮೂರು ರಾತ್ರಿಗಳನ್ನು ತಿಂದದ್ದು ಕಾಣದ ಎರಡು ಸಂಕೇತಗಳು. ‘ಸಾಫ್ಟ್‌ವೇರ್’ ಪದದಲ್ಲಿ ಹಲಂತದ ನಂತರ, ಅಕ್ಷರಗಳು ಕೂಡದಂತೆ ತಡೆಯುವ ನಾನ್‌ಜಾಯ್ನರ್ ಇರುವುದರಿಂದ ಅಲ್ಲಿ ಗಡಿ ಉಂಟು. ಅದನ್ನು ಬೇಗ ಹಿಡಿದೆ. ‘ರ‍್ಯಾಂಕ್’ ಮಾತ್ರ ಬಗ್ಗಲೇ ಇಲ್ಲ. ಅರ್ಕಾವೊತ್ತು ಬರದಂತೆ ತಡೆಯುವ ಜಾಯ್ನರ್ ಅಲ್ಲಿ ಹಲಂತದ ನಂತರ ಇರುವುದಿಲ್ಲ, ರಕಾರಕ್ಕೂ ಹಲಂತಕ್ಕೂ ನಡುವೆ ಇರುತ್ತದೆ. ನನ್ನ ನಿಯಮ ರಕಾರದ ಪಕ್ಕದಲ್ಲೇ ಹಲಂತವನ್ನು ಹುಡುಕಿ, ಸಿಗದೆ, ಅಲ್ಲೇ ಅಕ್ಷರ ಮುಗಿಯಿತೆಂದು ತೀರ್ಮಾನಿಸುತ್ತಿತ್ತು. ಜಾಯ್ನರ್ ಎರಡೂ ಕಡೆ ಬರಬಹುದೆಂದು ತಿದ್ದಿದ ಮೇಲೆ ಪರೀಕ್ಷೆಯ ಪದಗಳೆಲ್ಲ ಇಡಿಯಾಗಿ ಉಳಿದವು.

ಈ ಫಂಕ್ಷನ್ ಕೈಗೆ ಬಂದೊಡನೆ ಮುಂದಿನ ಯೋಜನೆ ಕಣ್ಣಮುಂದೆ ನಿಂತಿತು: ಪದ್ಯ ಬರೆಯುತ್ತಿರುವಾಗಲೇ ಲಘು ಗುರು ಹಾಕಿ ತೋರಿಸುವ ಒಂದು ಕೋಡ್‌ಮಿರರ್ ವಿಸ್ತರಣೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದರಿಂದ ಅಕ್ಷರ ಬಿಡಿಸುವುದು ಸರಿಯಾದರೆ ಅರ್ಧ ಕೆಲಸ ಮುಗಿದಂತೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ಗಣಗಳನ್ನು ಬೇರೆ ಬೇರೆ ಬಣ್ಣದಲ್ಲಿ ನೋಡಲು ಈಗಲೇ ಆಸೆಯಾಗಿದೆ.

ಅದಕ್ಕೆ ಮೊದಲು ಇಲ್ಲಿ ಎರಡು ಕೆಲಸಗಳಿದ್ದವು. ಲಿಪ್ಯಂತರ ಕೀಲಿಮಣೆಯಲ್ಲಿ ಪದ ಇನ್ನೂ ರೂಪುಗೊಳ್ಳುತ್ತಿರುವಾಗ ಅದೇ ಜಾಗಕ್ಕೆ ಬೇರೆಯವರ ಕರ್ಸರ್ ಬಂದರೆ ಬರೆಯುವುದೇ ಕಡಿದುಹೋಗುತ್ತದೆ. ಹೀಗೆ ಪದ ರೂಪುಗೊಳ್ಳುವ ಹಂತ, ಅಂದರೆ ಕಂಪೋಸಿಷನ್, ಮುಗಿಯುವವರೆಗೆ ಹೊಸ ಡೆಕೊರೇಷನ್‌ಗಳನ್ನು ತಡೆಹಿಡಿಯುವ ಕೋಡ್ ಬರೆದಿದ್ದೇನೆ, ಫೋನಿನಲ್ಲಿ ಇನ್ನೂ ಪರೀಕ್ಷಿಸಬೇಕು. ಎರಡನೆಯದು ಬ್ಯಾಕ್‌ಸ್ಪೇಸ್. ಅದನ್ನು ಅಕ್ಷರದ ಗಡಿಗೆ ಕಟ್ಟದೆ, ಒಂದೊಂದೇ ಸಂಕೇತವನ್ನು ಅಳಿಸುವಂತೆ ಹಾಗೆಯೇ ಬಿಟ್ಟಿದ್ದೇನೆ, ಏಕೆಂದರೆ ‘ಷ್ಟ್ರ’ದ ರಕಾರ ಒಂದೇ ತಪ್ಪಾದಾಗ ಇಡೀ ಒತ್ತಕ್ಷರವನ್ನು ಮತ್ತೆ ಬರೆಯುವಂತಾಗಬಾರದು.