ದ್ವೀಪದಲ್ಲಿ ಒಳ್ಳೆ ಬಿಯರ್ ಎಲ್ಲಿ ಸಿಗುತ್ತೆ ಅಂತ ಕೇಳುವವರಿಗೆ

ವಿಮಾನದ ಟಿಕೆಟ್ ಬುಕ್ ಆದ ಮರುದಿನ ನನಗೊಂದು ಮೆಸೇಜ್ ಬರುತ್ತದೆ. ಮಾರಿಷಸ್‌ಗೆ ಹೋಗುವವರು, ಶ್ರೀಲಂಕಾಕ್ಕೆ ಹೋಗುವವರು, ಫುಕೆಟ್‌ಗೆ ಹೋಗುವವರು, ಎಲ್ಲರದ್ದೂ ಒಂದೇ ಪ್ರಶ್ನೆ. "ಅಲ್ಲಿ ಒಳ್ಳೆ ಕ್ರಾಫ್ಟ್ ಬಿಯರ್ ಎಲ್ಲಿ ಸಿಗುತ್ತೆ? ಬೀಚ್ ಹತ್ತಿರಾನೇ ಇರೋದು ಹೇಳು." ಕ್ರಾಫ್ಟ್ ಅಂದರೆ ದೊಡ್ಡ ಕಾರ್ಖಾನೆಗಳದ್ದಲ್ಲ, ಸಣ್ಣ ಬ್ರೂವರಿಗಳಲ್ಲಿ ಮಾಡುವ ಬಿಯರ್. ಹೋದ ಕಡೆಯೆಲ್ಲ ಬ್ರೂವರಿ, ಅಂದರೆ ಬಿಯರ್ ತಯಾರಿಸುವ ಜಾಗ, ಹುಡುಕಿಕೊಂಡು ಹೋಗುವವನು ನಾನು, ಅದಕ್ಕೇ ನನ್ನನ್ನು ಕೇಳುತ್ತಾರೆ. ಸಂತೋಷ. ಆದರೆ ಫೋನಿನಲ್ಲಿ ಅದನ್ನೇ ಹೇಳಿ ಹೇಳಿ ನನಗೂ ಸಾಕಾಗಿದೆ. ಇವತ್ತು ಬರೆದಿಡುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಉತ್ತರ ಇಷ್ಟೇ: ಸಮುದ್ರ ಕಾಣದ ಕಡೆ ಹೋಗಿ.

ಇದನ್ನು ಹೇಳಿದ ಕೂಡಲೇ ಎದುರಿನವರ ಮುಖ ಸಪ್ಪಗಾಗುತ್ತದೆ. ಅವರ ಮನಸ್ಸಿನಲ್ಲಿ ಆಗಲೇ ಒಂದು ಚಿತ್ರ ಇರುತ್ತದೆ. ತೆಂಗಿನ ಮರ, ಮರಳು, ಕೈಯಲ್ಲಿ ನೊರೆ ತುಂಬಿದ ಗ್ಲಾಸು. ನಾನು ಆ ಚಿತ್ರ ಹರಿದು ಹಾಕಿದ ಹಾಗೆ ನೋಡುತ್ತಾರೆ. ಆದರೆ ಬಿಯರ್ ಮಾಡುವ ಜಾಗಕ್ಕೆ ಏನೇನು ಬೇಕು ಅಂತ ಒಂದು ನಿಮಿಷ ಯೋಚನೆ ಮಾಡಿ. ದೊಡ್ಡ ಟ್ಯಾಂಕುಗಳಿಗೆ ಎತ್ತರದ ಸೂರು ಬೇಕು. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದರ ಮೂಟೆ ಇಳಿಸಲು ಲಾರಿ ಬರಬೇಕು. ದಿನವಿಡೀ ತೊಳೆಯುತ್ತಲೇ ಇರಬೇಕಾದ ಕೆಲಸ ಅದು, ಹಾಗಾಗಿ ನೀರು ಬೇಕು, ನೀರು ಹರಿದುಹೋಗಲು ಚರಂಡಿ ಬೇಕು. ಇಷ್ಟೆಲ್ಲ ಜಾಗವನ್ನು ಸಮುದ್ರದ ಎದುರು ಯಾರು ಕೊಡುತ್ತಾರೆ? ಅಲ್ಲಿ ಹೋಟೆಲ್ ಕಟ್ಟುತ್ತಾರೆ.

ಹವಾಯಿಯ ಮಾಯಿ ದ್ವೀಪದಲ್ಲಿ 2005ರಲ್ಲಿ ಶುರುವಾದ ಮಾಯಿ ಬ್ರೂಯಿಂಗ್ ಕಂಪನಿ ಇದೆ. ಕೊಬ್ಬರಿ ಹುರಿದು ಹಾಕಿ ಮಾಡುವ ಅವರ ಪೋರ್ಟರ್ ಅನ್ನುವ ಕಪ್ಪು ಬಿಯರ್ ಹೆಸರುವಾಸಿ. ಕಿಹೇಯಲ್ಲಿರುವ ಅವರ ಬ್ರೂವರಿ ಇರುವುದು ಕಡಲ ದಂಡೆಯಲ್ಲಲ್ಲ, ಟೆಕ್ನಾಲಜಿ ಪಾರ್ಕಿನಲ್ಲಿ. ಮಾರಿಷಸ್‌ನ ಫ್ಲೈಯಿಂಗ್ ಡೋಡೋ ಬ್ರೂವರಿ ಶುರುವಾದದ್ದು ದ್ವೀಪದ ಒಳಭಾಗದಲ್ಲಿ, ಬಾಗಾಟೆಲ್ ಮಾಲ್‌ನಲ್ಲಿ. ಸಿಂಗಾಪುರವನ್ನು ಯಾರೂ ದ್ವೀಪ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೆ ಅದೂ ಉಷ್ಣವಲಯದ ದ್ವೀಪವೇ ಅಲ್ವಾ? ಅಲ್ಲಿ ಲೆವೆಲ್ 33 ಅನ್ನುವ ಬ್ರೂವರಿ ಇರುವುದು ಆಫೀಸು ಕಟ್ಟಡವೊಂದರ 33ನೇ ಮಹಡಿಯಲ್ಲಿ. ಬಿಯರ್ ಬೇಕಾದವರು ಮಾಲ್‌ಗೋ ಲಿಫ್ಟ್‌ಗೋ ಹೋಗಲೇಬೇಕು. ರಜೆಯಲ್ಲಿ ಅರ್ಧ ದಿನ ಅದಕ್ಕೆ ಎತ್ತಿಡಿ. ಆಗುವುದಿಲ್ಲ ಅಂದರೆ ನನ್ನನ್ನು ಕೇಳಬೇಡಿ.

ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬರುವುದು ಪ್ರಶ್ನೆಯ ಮೇಲಲ್ಲ, ಅದರ ಬಾಲದ ಮೇಲೆ. "ಒಳ್ಳೇದು ಹೇಳು, ಸುಮ್ನೆ ಲೋಕಲ್ ಕುಡಿದು ಬರೋದಕ್ಕೆ ಅಷ್ಟು ದೂರ ಹೋಗಬೇಕಾ?" ಅಂತ ಸೇರಿಸುತ್ತಾರಲ್ಲ, ಆ ಮಾತು. ಲೋಕಲ್ ಅಂದರೆ ಕಡಿಮೆ, ಹೊರಗಿನಿಂದ ಬಂದದ್ದು ಅಂದರೆ ಜಾಸ್ತಿ. ಈ ಲೆಕ್ಕ ಬೇರೆ ವಿಷಯಗಳಲ್ಲಿ ಸರಿಯೋ ತಪ್ಪೋ, ಬಿಯರ್ ವಿಷಯದಲ್ಲಿ ಪೂರ್ತಿ ತಲೆಕೆಳಗು.

ಶ್ರೀಲಂಕಾದ ದಕ್ಷಿಣ ಕರಾವಳಿಯಲ್ಲಿ ಒಂದು ಸಂಜೆ ಇದು ನನ್ನ ಕಣ್ಣೆದುರೇ ನಡೆಯಿತು. ಹಿಂದಿನ ದಿನ ಹುಣ್ಣಿಮೆ. ಅಲ್ಲಿ ಹುಣ್ಣಿಮೆಯ ದಿನ ಪೋಯ, ಅವತ್ತು ಮದ್ಯ ಮಾರುವಂತಿಲ್ಲ. ಅದು ಗೊತ್ತಿಲ್ಲದೆ ಬಂದಿದ್ದ ಗೆಳೆಯ ಒಂದು ದಿನ ಒಣಗಿ, ಮರುದಿನ ಸಂಜೆ ಮರಳಿನ ಮೇಲೆ ಕುರ್ಚಿ ಹಾಕಿದ ಒಂದು ಬಾರಿಗೆ ನನ್ನನ್ನು ಎಳೆದುಕೊಂಡು ಹೋದ. ಮೆನುವಿನಲ್ಲಿ ದೂರದ ದೇಶದ ಒಂದು ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಅನ್ನುವ ಬಗೆಯ ಬಿಯರ್, ಇತ್ತು. ಅವನ ಕಣ್ಣು ಅಲ್ಲೇ ನಿಂತಿತು. "ಇದೇ ತಗೊಳ್ಳೋಣ, ಇದು ಕ್ರಾಫ್ಟು" ಅಂದ.

ವೇಟರ್ ಸ್ವಲ್ಪ ವಯಸ್ಸಾದ ಮನುಷ್ಯ. ನಿಧಾನಕ್ಕೆ ಬಗ್ಗಿ, "ಸಾರ್, ಅದು ಬೇಡ, ಸ್ಟೌಟ್ ತಗೊಳ್ಳಿ" ಅಂದರು. ಸ್ಟೌಟ್ ಅಂದರೆ ಗಟ್ಟಿಯಾದ ಕಪ್ಪು ಬಿಯರ್. ಗೆಳೆಯ ಕೇಳಲಿಲ್ಲ. ಬಾಟಲಿ ಬಂತು. ಅದು ಇಷ್ಟು ದಿನ ನಿಂತಿದ್ದದ್ದು ಗಾಜಿನ ಬಾಗಿಲಿನ ಫ್ರಿಜ್ಜಿನಲ್ಲಿ, ಟ್ಯೂಬ್‌ಲೈಟಿನ ಪಕ್ಕಕ್ಕೆ, ಸಂಜೆ ಬಿಸಿಲು ನೇರ ಬೀಳುವ ಗೋಡೆಯ ಎದುರು. ಬಾಟಲಿಯನ್ನು ತಿರುಗಿಸಿ ಲೇಬಲ್‌ನ ಅಂಚಿನಲ್ಲಿದ್ದ ಸಣ್ಣ ಅಕ್ಷರ ಓದಿದೆ. ತುಂಬಿ 14 ತಿಂಗಳಾಗಿತ್ತು. ಗ್ಲಾಸಿಗೆ ಸುರಿದರೆ ನೊರೆ ನಿಲ್ಲಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಮಳೆಯಲ್ಲಿ ನೆಂದ ರಟ್ಟಿನ ಡಬ್ಬದ ವಾಸನೆ, ಅದರ ಹಿಂದೆ ಒಂಚೂರು ಹಳೇ ಜೇನು. ಗೆಳೆಯ ಎರಡು ಗುಟುಕು ಕುಡಿದು, "ಐಪಿಎ ಅಂದ್ರೆ ಹೀಗೇ ಇರತ್ತೇನೋ" ಅಂದ. ಪಾಪ, ಅವನ ತಪ್ಪಲ್ಲ. ಮಾಡಿದವರ ತಪ್ಪೂ ಅಲ್ಲ. ಅವರು ಟ್ಯಾಂಕಿನಿಂದ ಇಳಿಸಿದ ದಿನ ಅದು ಬೇರೆಯೇ ಬಿಯರ್ ಆಗಿತ್ತು.

ಐಪಿಎ ಅನ್ನುವುದರ ಜೀವ ಇರುವುದು ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಪರಿಮಳದಲ್ಲಿ. ಬಿಯರ್‌ನಲ್ಲಿ ಮೊದಲು ಸಾಯುವುದೂ ಅದೇ. ತಣ್ಣಗಿಟ್ಟರೆ ಮೂರು ತಿಂಗಳು ಚೆನ್ನಾಗಿರಬಹುದು. ಬಿಸಿಯಲ್ಲಿಟ್ಟರೆ ವಾರಗಳಲ್ಲೇ ಮಂಕಾಗುತ್ತದೆ. ದ್ವೀಪಕ್ಕೆ ಬರುವ ಬಾಟಲಿ ಬಂದರಿನಲ್ಲಿ ಕಾಯುತ್ತದೆ, ಹಡಗಿನ ಕಂಟೇನರಿನಲ್ಲಿ ಬೇಯುತ್ತದೆ, ಆಮೇಲೆ ಗೋದಾಮಿನಲ್ಲಿ ಮಲಗುತ್ತದೆ. ಇದರ ಮೇಲೆ ಬೆಳಕು ಬೇರೆ. ಹಾಪ್ಸ್‌ನ ಕಹಿ ಅಂಶದ ಮೇಲೆ ಬಿಸಿಲು ಬಿದ್ದರೆ ಅದು ಒಡೆದು, ಸ್ಕಂಕ್ ಅನ್ನುವ ಪ್ರಾಣಿ ಹೆದರಿದಾಗ ಬಿಡುತ್ತದಲ್ಲ, ಹೆಚ್ಚುಕಡಿಮೆ ಅದೇ ನಾತ ಹುಟ್ಟುತ್ತದೆ. ಕಂದು ಗಾಜು ತಕ್ಕಮಟ್ಟಿಗೆ ತಡೆಯುತ್ತದೆ. ಹಸಿರು ಗಾಜು, ಬಣ್ಣವಿಲ್ಲದ ಗಾಜು ತಡೆಯುವುದು ಕಡಿಮೆ, ನೇರ ಬಿಸಿಲಿನಲ್ಲಿ ಕೆಲವೇ ನಿಮಿಷ ಸಾಕು. ಹಾಗಾಗಿ ಬೀಚಿನಲ್ಲಿ ಕುಡಿಯುವುದೇ ಆದರೆ ಕ್ಯಾನ್ ತೆಗೆದುಕೊಳ್ಳಿ, ನೆರಳಿನಲ್ಲಿ ಕೂತುಕೊಳ್ಳಿ. ಕ್ಯಾನಿನ ತಳ ನೋಡಿ, ತಾರೀಖು ಇರುತ್ತದೆ. ಹೆಸರಿಗಿಂತ ಆ ತಾರೀಖು ಮುಖ್ಯ. ಟ್ಯಾಪ್ ಬಿಯರ್ ಆದರೆ ಪೈಪ್ ಯಾವಾಗ ತೊಳೆದಿರಿ ಅಂತ ಕೇಳಿ. ಎರಡು ವಾರಕ್ಕೊಮ್ಮೆ ತೊಳೆಯಬೇಕು. ಒಳ್ಳೆ ಜಾಗದವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ನಾನು ಆ ವೇಟರ್ ಮಾತು ಕೇಳಿ ಲಯನ್ ಸ್ಟೌಟ್ ತೆಗೆದುಕೊಂಡೆ. ಶೇಕಡಾ 8.8 ಆಲ್ಕೋಹಾಲ್ ಇರುವ ಕಪ್ಪು ಬಿಯರ್. ಒಣದ್ರಾಕ್ಷಿ, ಕಾಫಿ, ಕಪ್ಪು ಬೆಲ್ಲ ಎಲ್ಲ ಒಟ್ಟಿಗೆ ಬಂದ ಹಾಗಿತ್ತು. ಇಷ್ಟು ಸೆಖೆಯಲ್ಲಿ ಇಷ್ಟು ಗಟ್ಟಿ ಬಿಯರಾ ಅಂತ ಗೆಳೆಯ ಹುಬ್ಬೇರಿಸಿದ. ಆದರೆ ಬಿಸಿ ದ್ವೀಪಗಳಿಗೂ ಸ್ಟೌಟ್‌ಗೂ ಹಳೇ ನಂಟು. 1801ರಲ್ಲೇ ಡಬ್ಲಿನ್‌ನ ಗಿನ್ನೆಸ್‌ನವರು ವೆಸ್ಟ್ ಇಂಡಿಯಾ ಪೋರ್ಟರ್ ಅಂತ ಒಂದನ್ನು ಮಾಡಿದ್ದರು. ಕೆರಿಬಿಯನ್ ದ್ವೀಪಗಳಿಗೆ ಹಡಗಿನಲ್ಲಿ ಹೋಗುವಾಗ ಕೆಡಬಾರದು ಅಂತ ಹಾಪ್ಸ್ ಜಾಸ್ತಿ, ಆಲ್ಕೋಹಾಲ್ ಜಾಸ್ತಿ. ಅದರ ವಂಶದ್ದೇ ಇವತ್ತಿನ ಶೇಕಡಾ 7.5ರ ಫಾರಿನ್ ಎಕ್ಸ್‌ಟ್ರಾ ಸ್ಟೌಟ್. ಜಮೈಕಾದವರ ಡ್ರ್ಯಾಗನ್ ಸ್ಟೌಟ್ ಕೂಡ ಅಷ್ಟೇ ಗಟ್ಟಿ. ಬಿಸಿಯನ್ನೂ ದಾರಿಯನ್ನೂ ತಡೆದುಕೊಳ್ಳಲೆಂದೇ ಹುಟ್ಟಿದ ಬಿಯರ್ ಅದು. ಸ್ವಲ್ಪ ಹಳತಾದರೆ ಒಣಹಣ್ಣಿನ ರುಚಿ ಇನ್ನೂ ಏರುತ್ತದೆ. ದ್ವೀಪದಲ್ಲಿ ಸಣ್ಣ ಬ್ರೂವರಿ ಇಲ್ಲದಿದ್ದರೆ ಅಲ್ಲಿಯ ಸ್ಟೌಟ್ ಕೇಳಿ. ನನ್ನ ಉತ್ತರದ ಎರಡನೇ ಭಾಗ ಇದು.

"ಅದು ಕ್ರಾಫ್ಟ್ ಅಲ್ವಲ್ಲ, ದೊಡ್ಡ ಕಂಪನಿದು" ಅನ್ನುತ್ತಾರೆ. ಸರಿ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಲೆಕ್ಕದಲ್ಲಿ ವರ್ಷಕ್ಕೆ 60 ಲಕ್ಷ ಬ್ಯಾರೆಲ್‌ವರೆಗೆ ಮಾಡುವವರು ಸಣ್ಣವರು. ಅಂದರೆ ಸುಮಾರು 70 ಕೋಟಿ ಲೀಟರ್! ನೀವು ದೊಡ್ಡದು ಅಂತ ತಳ್ಳಿಹಾಕುವ ಎಷ್ಟೋ ದ್ವೀಪದ ಕಾರ್ಖಾನೆಗಳು ಅದರ ಮುಂದೆ ಪುಟಾಣಿಗಳು. ಇನ್ನು ಲೇಬಲ್ ನಂಬಿ ಹೋದರೂ ಕಷ್ಟವೇ. ಹವಾಯಿಯ ಹೆಸರು, ಹವಾಯಿಯ ನಕಾಶೆ ಹಾಕಿದ ಒಂದು ಬಿಯರ್ ಅಮೆರಿಕದ ಮುಖ್ಯಭೂಮಿಯಲ್ಲಿ ತಯಾರಾಗುತ್ತಿದೆ ಅಂತ ಗ್ರಾಹಕರು 2017ರಲ್ಲಿ ಕೋರ್ಟಿಗೇ ಹೋದರು. ಥಾಯ್ಲೆಂಡಿನ ಕಥೆ ಇದಕ್ಕಿಂತ ಬೇಸರದ್ದು. 2022ರ ನವೆಂಬರ್‌ನಲ್ಲಿ ನಿಯಮ ಬದಲಾಗುವವರೆಗೆ ಅಲ್ಲಿ ಬಾಟಲಿಗೆ ತುಂಬಿ ಮಾರಬೇಕಾದರೆ ವರ್ಷಕ್ಕೆ ಕನಿಷ್ಠ 1 ಕೋಟಿ ಲೀಟರ್ ಮಾಡಬೇಕಿತ್ತು. ಯಾವ ಸಣ್ಣವನಿಗೆ ಅದು ಸಾಧ್ಯ? ಹಾಗಾಗಿ ಅಲ್ಲಿಯ ಹುಡುಗರು ಕಾಂಬೋಡಿಯಾ, ವಿಯೆಟ್ನಾಂಗಳಿಗೆ ಹೋಗಿ ಬಿಯರ್ ಮಾಡಿಸಿ, ತಮ್ಮ ದೇಶಕ್ಕೇ ತೆರಿಗೆ ಕಟ್ಟಿ ಆಮದು ಮಾಡಿಕೊಂಡರು. ಫುಕೆಟ್‌ಗೆ ಹೋಗಿ ಬಂದು "ಥಾಯ್‌ನವರಿಗೆ ಬಿಯರ್ ಮಾಡೋಕೆ ಬರಲ್ಲ" ಅಂತ ಒಬ್ಬರು ನನಗೆ ಹೇಳಿದ್ದರು. ಆವತ್ತು ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಈಗಲೂ ಅದಕ್ಕೆ ಬೇಜಾರಿಲ್ಲ. (ಮಾಲ್ಡೀವ್ಸ್‌ಗೆ ಹೋಗುವವರಿಗೆ ಒಂದೇ ಸಾಲು: ಜನವಸತಿಯ ದ್ವೀಪಗಳಲ್ಲಿ ಮದ್ಯ ಮಾರುವುದಿಲ್ಲ, ರೆಸಾರ್ಟ್‌ಗಳಲ್ಲಿ ಸಿಗುತ್ತದೆ. ಬ್ಯಾಗಿನಲ್ಲಿ ಒಯ್ಯಲೂಬೇಡಿ.)

ಎಲ್ಲಿ ಸಿಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲಿ ಹೇಗೆ ಮಾಡುತ್ತಾರೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ನಾನು ರಾತ್ರಿಯಿಡೀ ಹೇಳುತ್ತಿದ್ದೆ.

ಬಾರ್ಲಿ ಆ ಸೆಖೆಯಲ್ಲಿ ಬೆಳೆಯುವುದಿಲ್ಲ. ಹಾಪ್ಸ್ ಬಳ್ಳಿಗೆ ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕು. ಅದು ಚೆನ್ನಾಗಿ ಬೆಳೆಯುವುದು ಸುಮಾರು 35ರಿಂದ 55 ಡಿಗ್ರಿ ಅಕ್ಷಾಂಶದ ನಡುವೆ. ಸಮಭಾಜಕದ ಹತ್ತಿರ ವರ್ಷವಿಡೀ ಹಗಲು ಹೆಚ್ಚುಕಡಿಮೆ 12 ಗಂಟೆ, ಬಳ್ಳಿ ಹಬ್ಬಿದರೂ ಹೂವು ಸರಿಯಾಗಿ ಬರುವುದಿಲ್ಲ. ಹಾಗಾಗಿ ದ್ವೀಪದಲ್ಲಿ ಬಿಯರ್ ಮಾಡುವವರಿಗೆ ನೀರೊಂದು ಬಿಟ್ಟು ಮುಖ್ಯವಾದದ್ದೆಲ್ಲ ಹಡಗಿನಲ್ಲೇ ಬರಬೇಕು. ಖಾಲಿ ಕ್ಯಾನ್ ಕೂಡ.

ಒಂದು ಸಣ್ಣ ದ್ವೀಪದಲ್ಲಿ ಇಂಥ ಒಬ್ಬರನ್ನು ನೋಡಿದ್ದೇನೆ. ದ್ವೀಪದ ಹೆಸರು ಹೇಳುವುದಿಲ್ಲ, ಹೇಳಿದರೆ ಮತ್ತೆ ಲಿಸ್ಟ್ ಮಾಡಿಕೊಳ್ಳುತ್ತೀರಿ. ತಗಡಿನ ಶೆಡ್ಡು, ನಾಲ್ಕು ಟ್ಯಾಂಕು. ನಡೆಸುತ್ತಿದ್ದ ಹೆಂಗಸಿಗೆ ಐವತ್ತು ದಾಟಿರಬೇಕು. ಕಾಲಿಗೆ ರಬ್ಬರ್ ಬೂಟು, ಹೆಗಲ ಮೇಲೆ ಟವೆಲು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಇಂಕಿನ ಸುತ್ತುಗಳಿದ್ದವು. ಹಬ್ಬಗಳಿರಬೇಕು ಅಂದುಕೊಂಡೆ. ಹಡಗು ಬರುವ ದಿನಗಳಂತೆ.

ಲಾಗರ್ ಅನ್ನುವ ಬಗೆಯ ಬಿಯರ್ ಯಾಕೆ ಮಾಡುವುದಿಲ್ಲ ಅಂತ ಕೇಳಿದೆ. ಅವರು ಮಾತಾಡದೆ ಕರೆಂಟ್ ಮೀಟರ್ ತೋರಿಸಿದರು. ಲಾಗರ್ ಹುದುಗಬೇಕಾದದ್ದು 10 ಡಿಗ್ರಿಯ ಆಸುಪಾಸಿನಲ್ಲಿ. ಆಮೇಲೆ ವಾರಗಟ್ಟಲೆ ಇನ್ನೂ ತಣ್ಣಗೆ ಮಲಗಿಸಬೇಕು. ಹೊರಗೆ 32 ಡಿಗ್ರಿ ಇರುವಾಗ ಅಷ್ಟು ದಿನ ಟ್ಯಾಂಕ್ ತಂಪಾಗಿಡುವ ಕರೆಂಟಿಗೆ ದುಡ್ಡು ಎಲ್ಲಿಂದ ತರಬೇಕು? ಏಲ್ ಅನ್ನುವ ಇನ್ನೊಂದು ಬಗೆ ಆದರೆ 20 ಡಿಗ್ರಿ ಸಾಕು, ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಒಂದು ಟ್ಯಾಂಕಿಗೆ ಅವರು ಕ್ವೈಕ್ ಯೀಸ್ಟ್ ಹಾಕಿದ್ದರು. ನಾರ್ವೆಯ ಹಳ್ಳಿಮನೆಗಳಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಯೀಸ್ಟ್ ಅದು. 35 ಡಿಗ್ರಿಯಲ್ಲೂ ಚೆನ್ನಾಗಿ ಹುದುಗುತ್ತದೆ. ಬೇರೆ ಏಲ್ ಯೀಸ್ಟ್ ಆಗಿದ್ದರೆ ಆ ಬಿಸಿಗೆ ನೇಲ್ ಪಾಲಿಶ್ ವಾಸನೆ ಹೊಡೆಯುತ್ತಿತ್ತು. ಹಿಮದ ನಾಡಿನ ಯೀಸ್ಟು ತೆಂಗಿನ ನಾಡಿನ ಶೆಡ್ಡಿನಲ್ಲಿ ಕೊತಕೊತ ಅನ್ನುವುದನ್ನು ನಾನು ಟ್ಯಾಂಕಿಗೆ ಕಿವಿಯಿಟ್ಟು ಕೇಳಿದೆ. ಆ ಪ್ರವಾಸದಲ್ಲಿ ಸಮುದ್ರಕ್ಕಿಂತ ಜಾಸ್ತಿ ನೆನಪಿರುವುದು ಆ ಸದ್ದು.

ಆಮೇಲೆ ಫ್ರೀಜರಿನಿಂದ ಒಂದು ಬೆಳ್ಳಿ ಬಣ್ಣದ ಪ್ಯಾಕೆಟ್ ತೆಗೆದರು. ತಳದಲ್ಲಿ ಒಂದು ಹಿಡಿಯಷ್ಟು ಹಸಿರು ಗುಳಿಗೆ. ಅದೇ ಕೊನೆಯ ಹಾಪ್ಸ್. ನಾಲ್ಕು ಗುಳಿಗೆ ನನ್ನ ಅಂಗೈಗೆ ಹಾಕಿ, ತಿಕ್ಕಿ ಮೂಸಿ ಅಂದರು. ಕಿತ್ತಳೆ ಸಿಪ್ಪೆ, ಮಾವಿನ ಸೊನೆ, ಆಗಷ್ಟೇ ಕೊಯ್ದ ಹುಲ್ಲು. ಅಂಗೈ ಅಂಟಂಟಾಯಿತು. ಅವರು ಪ್ಯಾಕೆಟ್ಟನ್ನು ಎದೆಗೊತ್ತಿ ಒಳಗಿನ ಗಾಳಿಯನ್ನೆಲ್ಲ ಹಿಂಡಿ ತೆಗೆದು, ಬಾಯಿ ಮಡಿಸಿ, ಟೇಪ್ ಸುತ್ತಿ ಮತ್ತೆ ಫ್ರೀಜರಿಗಿಟ್ಟರು. ಟ್ಯಾಂಕಿನಿಂದ ನೇರವಾಗಿ ಒಂದು ಗ್ಲಾಸ್ ಪೇಲ್ ಏಲ್ ಹಿಡಿದುಕೊಟ್ಟರು. ಮಾಲ್ಟ್ ಮೂಟೆಗೆ ಒರಗಿ ನಿಂತೇ ಕುಡಿದೆ. ಪ್ರಪಂಚದಲ್ಲಿ ಅದಕ್ಕಿಂತ ಒಳ್ಳೆಯ ಪೇಲ್ ಏಲ್‌ಗಳಿವೆ. ಆದರೆ ಅವು ಯಾವುವೂ ಆವತ್ತು ಆ ದ್ವೀಪದಲ್ಲಿ ಅಷ್ಟು ಚೆನ್ನಾಗಿರಲು ಸಾಧ್ಯವಿರಲಿಲ್ಲ.

ಹಡಗು ಮಂಗಳವಾರ ಬರಬೇಕಿತ್ತು. ಶುಕ್ರವಾರ ಬಂತು ಅಂತ ಆಮೇಲೆ ಮೆಸೇಜ್ ಮಾಡಿದರು. ಆ ಮೂರು ದಿನ ಟ್ಯಾಪ್‌ನಲ್ಲಿ ಸ್ಟೌಟ್ ಮಾತ್ರ ಇತ್ತಂತೆ.